ಯೂನಿಯನ್ನೋ, ಲೀಗೋ? ಎರಡನ್ನೂ ಆಡಿದ ವೇಲ್ಸ್‌ನವರಲ್ಲಿ ಯಾರಿಂದ ಶುರು ಮಾಡೋಣ

ರಗ್ಬಿ ನೋಡಲು ಶುರುಮಾಡಿದ ಹೊಸತರಲ್ಲಿ ಎಲ್ಲರೂ ಒಂದೇ ಕಡೆ ಮುಗ್ಗರಿಸುತ್ತಾರೆ. ಒಂದು ವಿಡಿಯೊದಲ್ಲಿ ತಂಡಕ್ಕೆ ಹದಿನೈದು ಜನ, ಇನ್ನೊಂದರಲ್ಲಿ ಹದಿಮೂರೇ. ಒಂದರಲ್ಲಿ ಟ್ರೈಗೆ, ಅಂದರೆ ಎದುರಾಳಿಯ ಗೋಲುಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದ್ದಕ್ಕೆ, 5 ಅಂಕ, ಇನ್ನೊಂದರಲ್ಲಿ 4. ಚೆಂಡು ಅದೇ ಮೊಟ್ಟೆಯಾಕಾರದ್ದು, ಗೋಲುಕಂಬವೂ ಅದೇ ಎಚ್ ಅಕ್ಷರದ್ದು. ಆದರೆ ಆಟ ಬೇರೆ. ಮೊದಲನೆಯದು ರಗ್ಬಿ ಯೂನಿಯನ್, ಎರಡನೆಯದು ರಗ್ಬಿ ಲೀಗ್. ಎರಡರಲ್ಲಿ ಯಾವುದನ್ನು ಹಿಡಿಯುವುದು ಎಂದು ಕೇಳಿದವರಿಗೆ ನಾನು ನಿಯಮಪುಸ್ತಕ ಕೊಡುವುದಿಲ್ಲ. ಎರಡನ್ನೂ ಆಡಿದ ಒಬ್ಬನನ್ನು ಹಿಡಿದು ಅವನ ಹಿಂದೆ ಹೋಗಿ ಎನ್ನುತ್ತೇನೆ. ಹಾಗೆ ಆಡಿದವರು ವೇಲ್ಸ್‌ನಲ್ಲಿ ಸಿಕ್ಕಷ್ಟು ಬೇರೆಲ್ಲೂ ಸಿಗುವುದು ಕಷ್ಟ. ಪ್ರಶ್ನೆ ಇರುವುದು, ಅವರಲ್ಲಿ ಯಾರನ್ನು ಹಿಡಿಯಬೇಕು ಎನ್ನುವುದರಲ್ಲಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಜೋನಾಥನ್ ಡೇವಿಸ್. ಆದರೆ ಎಲ್ಲರಿಗೂ ಅವರೇ ಸರಿ ಅಂತೇನಿಲ್ಲ. ಡೇವಿಡ್ ವಾಟ್ಕಿನ್ಸ್, ಬಿಲ್ಲಿ ಬಾಸ್ಟನ್, ಸ್ಕಾಟ್ ಗಿಬ್ಸ್, ಯೆಸ್ಟಿನ್ ಹ್ಯಾರಿಸ್ ಕೂಡ ಸಾಲಿನಲ್ಲಿದ್ದಾರೆ. ನಿಮಗೆ ಆಟದಲ್ಲಿ ಏನು ಬೇಕು ಎನ್ನುವುದರ ಮೇಲೆ ಆಯ್ಕೆ ಬದಲಾಗುತ್ತದೆ.

ಮೊದಲು ಎರಡು ಆಟಗಳ ಅಂತರ, ಬೇಗ ಬೇಗ

ಓಡುತ್ತಿದ್ದವನನ್ನು ಕೆಡವಿದ ಮೇಲೆ ಏನಾಗುತ್ತದೆ? ಎರಡು ಆಟಗಳ ನಡುವಿನ ಅಂತರದ ಮುಕ್ಕಾಲು ಪಾಲು ಈ ಪ್ರಶ್ನೆಯಲ್ಲೇ ಇದೆ. ಯೂನಿಯನ್‌ನಲ್ಲಿ ಬಿದ್ದವನು ಚೆಂಡು ಬಿಡಬೇಕು, ಎರಡೂ ಕಡೆಯವರು ಮೇಲೆ ಮುಗಿಬಿದ್ದು ಅದಕ್ಕಾಗಿ ಗುದ್ದಾಡುತ್ತಾರೆ. ಚೆಂಡು ಉಳಿಸಿಕೊಳ್ಳುವ ತಾಕತ್ತಿದ್ದರೆ ಎಷ್ಟು ಹೊತ್ತಾದರೂ ಇಟ್ಟುಕೊಳ್ಳಬಹುದು. ಲೀಗ್‌ನಲ್ಲಿ ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ತಳ್ಳುತ್ತಾನೆ, ಎದುರಾಳಿಗಳು ಹತ್ತು ಮೀಟರ್ ಹಿಂದೆ ಸರಿದು ನಿಲ್ಲುತ್ತಾರೆ. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಯ ಕೈಗೆ. ಆರರ ಈ ಲೆಕ್ಕ ಬಂದದ್ದು 1972ರಲ್ಲಿ. ಅದಕ್ಕೆ ಮುಂಚೆ, 1966ರಿಂದ, ನಾಲ್ಕು ಇತ್ತು.

ಉಳಿದ ವ್ಯತ್ಯಾಸಗಳೆಲ್ಲ ಇದರ ಬೆನ್ನಿಗೇ ಬಂದವು. ಲೀಗ್‌ನಲ್ಲಿ ಲೈನ್ಔಟ್ (ಹೊರಹೋದ ಚೆಂಡನ್ನು ಎರಡು ಸಾಲಿನ ನಡುವೆ ಎಸೆಯುವುದು) ಇಲ್ಲ, ಎಂಟೆಂಟು ಜನ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ಮೂ ಇಲ್ಲ. ಅಂಗಳದಲ್ಲಿ ಜಾಗ ಹೆಚ್ಚು, ಓಟ ಹೆಚ್ಚು, ಎದೆಗೆ ಎದೆ ಕೊಟ್ಟು ಬೀಳುವ ಟ್ಯಾಕಲ್ ಹೆಚ್ಚು. ಯೂನಿಯನ್‌ನಲ್ಲಿ ಕಾಲಿಗೆ ಬೆಲೆ ಜಾಸ್ತಿ: ಡ್ರಾಪ್ ಗೋಲ್‌ಗೆ, ಅಂದರೆ ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಪುಟಿದಾಗ ಗೋಲಿಗೆ ಒದ್ದದ್ದಕ್ಕೆ, 3 ಅಂಕ, ಲೀಗ್‌ನಲ್ಲಿ ಅದಕ್ಕೆ ಸಾಮಾನ್ಯವಾಗಿ ಸಿಗುವುದು ಬರೀ 1. ಕೆಲವರು ಇದನ್ನು ಕ್ರಿಕೆಟ್ಟಿನ ಟೆಸ್ಟ್ ಮತ್ತು ಟಿ-20ಗೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಹಿಡಿಸುವುದಿಲ್ಲ. ಟೆಸ್ಟ್ ಆಡಿದವನು ಟಿ-20 ಆಡಿದರೆ ಅವನನ್ನು ಯಾರೂ ಜಾತಿಯಿಂದ ಹೊರಗೆ ಹಾಕಲಿಲ್ಲವಲ್ಲ!

ಇಲ್ಲಿ ಹಾಕುತ್ತಿದ್ದರು. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆಯಾದವು. ಜಗಳ ಕೂಲಿಯದ್ದು. ಗಣಿ, ಗಿರಣಿಗಳಲ್ಲಿ ದುಡಿಯುವವನು ಶನಿವಾರದ ಕೆಲಸ ಬಿಟ್ಟು ಆಡಲು ಬಂದರೆ ಆ ಹೊತ್ತಿನ ಸಂಬಳ ತುಂಬಿಕೊಡಬೇಕೆಂದು ಉತ್ತರದವರು ಕೇಳಿದರು. ಆಟಕ್ಕೆ ದುಡ್ಡು ಮುಟ್ಟುವುದೇ ಪಾಪ ಎಂದು ಲಂಡನ್ನಿನವರು ಹೇಳಿದರು. ಅಲ್ಲಿಂದ ಮುಂದೆ ನೂರು ವರ್ಷ, 1995ರ ತನಕ, ಲೀಗ್‌ಗೆ ಸಹಿ ಹಾಕಿದವನು ಯೂನಿಯನ್‌ಗೆ ಜೀವಮಾನವಿಡೀ ಹೊರಗಿನವ. ಪರೀಕ್ಷೆಗೆಂದು ಒಂದೇ ಪಂದ್ಯ ಆಡಿದರೂ ಗೊತ್ತಾದರೆ ಮುಗಿಯಿತು. ಅದಕ್ಕೇ ಹಾಗೆ ಆಡಲು ಹೋದವರ ಹೆಸರು ತಂಡದ ಪಟ್ಟಿಯಲ್ಲಿ 'ಎ. ಎನ್. ಅದರ್' ಎಂದು ಬರುತ್ತಿತ್ತು. ಅಂದರೆ 'ಇನ್ನೊಬ್ಬ' ಅಷ್ಟೇ.

ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಯೂನಿಯನ್ ಊರಿನ ಆಟ, ಪಬ್ಬಿನ ಮಾತು, ಚಾಪೆಲ್ಲಿನಷ್ಟೇ ಗಟ್ಟಿ. ಆದರೆ ದುಡ್ಡು ಇದ್ದದ್ದು ಲ್ಯಾಂಕಾಶೈರ್, ಯಾರ್ಕ್‌ಶೈರ್ ಕಡೆ. ಹೋದವನ ಬಗ್ಗೆ ಅಲ್ಲಿಯವರು "ಉತ್ತರಕ್ಕೆ ಹೋದ" ಎನ್ನುತ್ತಿದ್ದರು. ಎಲ್ಲಿಗೆ, ಯಾಕೆ ಎಂದು ಯಾರೂ ಬಿಡಿಸಿ ಕೇಳಬೇಕಾಗಿರಲಿಲ್ಲ.

ಜೋನಾಥನ್ ಡೇವಿಸ್: ಮೂರು ಜನ್ಮ ಕಂಡವರು

1962ರ ಅಕ್ಟೋಬರ್ 24ರಂದು ಕಾರ್ಮಾರ್ದನ್‌ಶೈರ್‌ನ ಟ್ರಿಮ್‌ಸಾರನ್ ಎಂಬ ಗಣಿ ಊರಿನಲ್ಲಿ ಹುಟ್ಟಿದವರು. ಮನೆಮಾತು ವೇಲ್ಶ್. ಹದಿನಾಲ್ಕನೆಯ ವಯಸ್ಸಿಗೆ ತಂದೆ ತೀರಿಕೊಂಡರು. ಹತ್ತಿರದ ದೊಡ್ಡ ಕ್ಲಬ್ ಲನೆಥ್ಲಿ, ಗೋಲುಕಂಬದ ತುದಿಯಲ್ಲಿ ಕೆಂಪು ಬಾಣಲೆ ಸಿಕ್ಕಿಸಿಕೊಂಡಿದ್ದ ತಗಡು ಕಾರ್ಖಾನೆಗಳ ಊರು. ಆದರೆ ಡೇವಿಸ್ ಮೊದಲು ಬೆಳಗಿದ್ದು ನೀಥ್ ಕ್ಲಬ್ಬಿನಲ್ಲಿ, ಆಮೇಲೆ ಲನೆಥ್ಲಿಗೆ ಬಂದರು. ಆಡುತ್ತಿದ್ದದ್ದು ಫ್ಲೈ ಹಾಫ್ ಜಾಗದಲ್ಲಿ, ಅಂದರೆ ತಂಡದ ದಾಳಿ ನಡೆಸುವವನ ಜಾಗ, 10ನೇ ನಂಬರಿನ ಅಂಗಿ. ವೇಲ್ಸ್‌ನಲ್ಲಿ ಆ ಅಂಗಿ ತೊಟ್ಟವನಿಗೆ ಬೀದಿಯಲ್ಲಿ ಸಿಗುವ ಸಲಹೆಗಳಿಗೆ ಲೆಕ್ಕವಿಲ್ಲ.

1985ರ ಏಪ್ರಿಲ್‌ನಲ್ಲಿ ಕಾರ್ಡಿಫ್ ಆರ್ಮ್ಸ್ ಪಾರ್ಕ್‌ನಲ್ಲಿ ಇಂಗ್ಲೆಂಡ್ ಎದುರು ಮೊದಲ ಅಂತರರಾಷ್ಟ್ರೀಯ ಪಂದ್ಯ. ಒಂದು ಟ್ರೈ, ಒಂದು ಡ್ರಾಪ್ ಗೋಲ್, 24–15ರ ಗೆಲುವು. 1987ರ ಮೊದಲ ವಿಶ್ವಕಪ್‌ನಲ್ಲಿ ವೇಲ್ಸ್ ಮೂರನೇ ಸ್ಥಾನ. 1988ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂವರನ್ನೂ ಸೋಲಿಸಿ ಟ್ರಿಪಲ್ ಕ್ರೌನ್. ಆ ವರ್ಷದ ಸ್ಕಾಟ್ಲೆಂಡ್ ಪಂದ್ಯ ಸಿಕ್ಕರೆ ಬಿಡಬೇಡಿ. 25–20ರ ಆ ಗೆಲುವಿನಲ್ಲಿ ಡೇವಿಸ್ ಎರಡು ಡ್ರಾಪ್ ಗೋಲ್ ಹೊಡೆದರು, ಒಂದು ಟ್ರೈಯನ್ನೂ ಗಳಿಸಿದರು. ಸ್ಕ್ರಮ್ಮಿನ ಹಿಂದಿನಿಂದ ಬಂದ ಚೆಂಡನ್ನು ನೆಲದ ಮೇಲೆ ಉರುಳುವಂತೆ ಮುಂದಕ್ಕೆ ತಳ್ಳಿ, ಅದರ ಹಿಂದೆಯೇ ತಾನೂ ಓಡಿ, ಎದುರಾಳಿ ತಿರುಗುವುದರೊಳಗೆ ಅದರ ಮೇಲೆ ಬಿದ್ದದ್ದು. ಯೂನಿಯನ್‌ನ ಫ್ಲೈ ಹಾಫ್ ಅಂದರೆ ಏನು ಎಂದು ಕೇಳಿದವರಿಗೆ ನಾನು ತೋರಿಸುವುದು ಇದನ್ನೇ. ಒಂದು ತಮಾಷೆಯ ಲೆಕ್ಕ ನೋಡಿ. ಆ ಎರಡು ಡ್ರಾಪ್ ಗೋಲ್‌ಗಳಿಗೆ ಲೀಗ್‌ನ ಈಗಿನ ಬೆಲೆ ಕಟ್ಟಿದರೆ ಸ್ಕೋರು 21–20. ಗೆಲುವು ಉಳಿಯುತ್ತದೆ, ಆದರೆ ಕೂದಲೆಳೆಯಲ್ಲಿ.

ಹೊಗಳಿಕೆ ಹೆಚ್ಚು ದಿನ ಬಾಳಲಿಲ್ಲ. ಅದೇ ವರ್ಷ ನ್ಯೂಜಿಲೆಂಡ್ ಪ್ರವಾಸದಲ್ಲಿ ಎರಡು ಟೆಸ್ಟ್, 52–3 ಮತ್ತು 54–9ರ ಸೋಲು. ತಂಡ ಯಾಕೆ ಹೀಗಾಯಿತು ಎಂದು ವೇಲ್ಸ್ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಹೇಳಲು ಡೇವಿಸ್ ಅವಕಾಶ ಕೇಳಿದರು. ಕೊಡಲಿಲ್ಲ. ಡಿಸೆಂಬರ್‌ನಲ್ಲಿ ಅವರ ನಾಯಕತ್ವದಲ್ಲೇ ಕಾರ್ಡಿಫ್‌ನಲ್ಲಿ ರೊಮೇನಿಯಾ ಎದುರು 9–15ರ ಸೋಲು. ಊರಿಗೆ ಊರೇ ತಲೆ ತಗ್ಗಿಸಿತು, ಬೆರಳು ಮಾತ್ರ ಡೇವಿಸ್ ಕಡೆಗೇ ಹೋಯಿತು. ತಿಂಗಳೊಳಗೆ, 1989ರ ಜನವರಿಯಲ್ಲಿ, ಅವರು ಉತ್ತರಕ್ಕೆ ಹೋದರು. ಮರ್ಸಿ ನದಿ ದಂಡೆಯ ರಾಸಾಯನಿಕ ಕಾರ್ಖಾನೆಗಳ ಊರು ವಿಡ್ನಿಸ್. ಅಲ್ಲಿನ ಕೋಚ್ ಡಗ್ ಲಾಟನ್.

ಅವರ ಎರಡನೆಯ ಜನ್ಮ ಇದು. ನನಗೆ ಅತಿ ಇಷ್ಟವಾದ ಭಾಗವೂ ಇದೇ. ಯೂನಿಯನ್‌ನಲ್ಲಿ ದೇವರಾಗಿದ್ದವನನ್ನು ಲೀಗ್‌ನವರು ಹಾರ ಹಾಕಿ ಕರೆದುಕೊಳ್ಳುವುದಿಲ್ಲ. ಮೈ ಸಣ್ಣ, ಮೇಲೆ ಬೀಳುವವರು ದೊಡ್ಡವರು. ಹಳೆಯ 10ರ ಜಾಗವೂ ಸಿಗಲಿಲ್ಲ. ಸೆಂಟರ್, ವಿಂಗ್, ಫುಲ್‌ಬ್ಯಾಕ್ ಎಂದು ಹೇಳಿದಲ್ಲೆಲ್ಲ ಆಡಿದರು. ಯೂನಿಯನ್‌ನಲ್ಲಿ ಒಂದು ಪಂದ್ಯದಲ್ಲಿ ಮಾಡುತ್ತಿದ್ದ ಟ್ಯಾಕಲ್‌ಗಳನ್ನು ಇಲ್ಲಿ ಅರ್ಧ ಗಂಟೆಯಲ್ಲಿ ಮಾಡಬೇಕಾಯಿತು. ಆ ಋತುವಿನಲ್ಲೇ ವಿಡ್ನಿಸ್ ಲೀಗ್ ಚಾಂಪಿಯನ್. ಶರತ್ಕಾಲದಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾ ರೈಡರ್ಸ್ ತಂಡವನ್ನು 30–18ರಿಂದ ಸೋಲಿಸಿ ವಿಶ್ವ ಕ್ಲಬ್ ಕಿರೀಟ. 1993ರಲ್ಲಿ ವಾರಿಂಗ್ಟನ್‌ಗೆ ಹೋದರು. 1994ರಲ್ಲಿ ಮ್ಯಾನ್ ಆಫ್ ಸ್ಟೀಲ್, ಅಂದರೆ ಬ್ರಿಟಿಷ್ ಲೀಗ್‌ನಲ್ಲಿ ವರ್ಷದ ಆಟಗಾರ. ಯೂನಿಯನ್‌ನಿಂದ ಬಂದವನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಲೀಗ್‌ನವರ ಕೈಯಲ್ಲಿ ಇರಲಿಲ್ಲ.

ಅದೇ ವರ್ಷ ಅಕ್ಟೋಬರ್ 22ರ ವೆಂಬ್ಲಿ. ಗ್ರೇಟ್ ಬ್ರಿಟನ್ ಎದುರು ಆಸ್ಟ್ರೇಲಿಯಾ. ಬ್ರಿಟನ್ನಿನ ನಾಯಕ ಶಾನ್ ಎಡ್ವರ್ಡ್ಸ್ ಕತ್ತಿನ ಮೇಲೆ ಟ್ಯಾಕಲ್ ಮಾಡಿ ಮೊದಲಾರ್ಧದಲ್ಲೇ ಹೊರಗೆ. ಹನ್ನೆರಡೇ ಜನ. ಹಾಗಿರುವಾಗ ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ, ಡೇವಿಸ್‌ಗೆ ಚೆಂಡು ಸಿಗುತ್ತದೆ. ಮೊದಲ ಎರಡು ಹೆಜ್ಜೆಯಲ್ಲಿ ಏನೂ ಆಗುವಂತೆ ಕಾಣುವುದಿಲ್ಲ. ಆಮೇಲೆ ಒಂದು ಕಿಂಡಿ. ಎದುರಿಗೆ ಆಸ್ಟ್ರೇಲಿಯಾದ ಫುಲ್‌ಬ್ಯಾಕ್ ಬ್ರೆಟ್ ಮುಲಿನ್ಸ್ ಒಬ್ಬರೇ, ಡೇವಿಸ್‌ಗಿಂತ ವಯಸ್ಸಿನಲ್ಲಿ ಒಂಬತ್ತು ವರ್ಷ ಚಿಕ್ಕವರು, ಕಾಲು ಚುರುಕು. ಒಳಗೆ ತಿರುಗುತ್ತಾರೆ ಎಂದು ನಾವು ಅಂದುಕೊಳ್ಳುವ ಜಾಗದಲ್ಲಿ ಡೇವಿಸ್ ಹೊರಗೇ ಹೋಗುತ್ತಾರೆ, ಗೇರು ಬದಲಿಸಿದ ಹಾಗೆ. ಮುಲಿನ್ಸ್ ಕೈ ಚಾಚಿ ತಡವಾಗುತ್ತಾರೆ, ಡೇವಿಸ್ ಮೂಲೆಯಲ್ಲಿ ಹಾರಿ ಬೀಳುತ್ತಾರೆ. 8–4ರಿಂದ ಬ್ರಿಟನ್ ಗೆದ್ದಿತು. ಆಗ ಅವರಿಗೆ ವಯಸ್ಸು ಮೂವತ್ತೆರಡಕ್ಕೆ ಎರಡು ದಿನ ಕಮ್ಮಿ.

ಮೂರನೆಯ ಜನ್ಮ ಚಿಕ್ಕದು. 1995ರ ಆಗಸ್ಟ್‌ನಲ್ಲಿ ಯೂನಿಯನ್ ಕೂಡ ದುಡ್ಡಿನ ಆಟವಾಯಿತು. ನೂರು ವರ್ಷದ ಬಹಿಷ್ಕಾರ ಒಂದು ಪ್ಯಾರಿಸ್ ಸಭೆಯಲ್ಲಿ ಮುಗಿಯಿತು. ಆ ಅಕ್ಟೋಬರ್‌ನಲ್ಲಿ ಡೇವಿಸ್ ವೇಲ್ಸ್ ಲೀಗ್ ತಂಡವನ್ನು ವಿಶ್ವಕಪ್ ಸೆಮಿಫೈನಲ್‌ವರೆಗೆ ನಡೆಸಿ, ನವೆಂಬರ್‌ನಲ್ಲಿ ಕಾರ್ಡಿಫ್ ಯೂನಿಯನ್ ಕ್ಲಬ್ಬಿಗೆ ಮರಳಿದರು. ಹೋಗುವ ಮುಂಚೆ 27 ಕ್ಯಾಪ್ (ದೇಶದ ಪರ ಆಡಿದ ಒಂದೊಂದು ಪಂದ್ಯಕ್ಕೆ ಒಂದು), ಬಂದ ಮೇಲೆ 5, ಒಟ್ಟು 32. ನಡುವೆ ಇರುವ ಎಂಟು ವರ್ಷದ ಖಾಲಿ ಜಾಗವನ್ನು ವೇಲ್ಸ್‌ನವರು ಇವತ್ತಿಗೂ ಹೊಟ್ಟೆ ಉರಿದುಕೊಂಡು ನೆನೆಯುತ್ತಾರೆ. ಅವರ ಹಿಂದೆಯೇ ಪಾಲ್ ಮೊರಿಯಾರ್ಟಿ, ಜಾನ್ ಡೆವೆರೊ, ಡೇವಿಡ್ ಯಂಗ್, ಅಲನ್ ಬೇಟ್‌ಮನ್ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು. 1990ರಲ್ಲಿ ವೇಲ್ಸ್ ಐದು ರಾಷ್ಟ್ರಗಳ ಟೂರ್ನಿಯ ಎಲ್ಲ ಪಂದ್ಯ ಸೋತಿತು, 1991ರ ವಿಶ್ವಕಪ್‌ನಲ್ಲಿ ವೆಸ್ಟರ್ನ್ ಸಮೋವಾ ಕೈಯಲ್ಲೂ ಸೋತಿತು.

ಕೊಳ್ಳುವ ಸಾಮಾನಿನಂತೆ ಡೇವಿಸ್‌ಗೂ ಒಂದು ಕುಂದು ಹೇಳಬೇಕಲ್ಲ: ಯೂನಿಯನ್‌ನಲ್ಲಿ ಅವರ ಅತ್ಯುತ್ತಮ ವರ್ಷಗಳು ನೋಡಲು ಸಿಗುವುದೇ ಇಲ್ಲ. ಇಪ್ಪತ್ತಾರಕ್ಕೆ ಹೋದವರು ಮೂವತ್ತಮೂರಕ್ಕೆ ಬಂದರು.

ಡೇವಿಡ್ ವಾಟ್ಕಿನ್ಸ್: ಬದಲಾಗುವುದು ನೋಡಬೇಕಿದ್ದರೆ

ಡೇವಿಸ್‌ಗೆ ಸರಿಸಾಟಿಯಾಗಿ ನಿಲ್ಲಿಸಬಹುದಾದವರು ಇವರೊಬ್ಬರೇ. ಬ್ಲೈನಾದ ಹುಡುಗ, ನ್ಯೂಪೋರ್ಟ್ ಕ್ಲಬ್, ವೇಲ್ಸ್‌ಗೆ 21 ಕ್ಯಾಪ್, 1966ರ ಲಯನ್ಸ್ (ಬ್ರಿಟನ್, ಐರ್ಲೆಂಡ್‌ಗಳ ಜಂಟಿ ಯೂನಿಯನ್ ತಂಡ) ಪ್ರವಾಸದಲ್ಲಿ ಎರಡು ಟೆಸ್ಟ್‌ಗೆ ನಾಯಕ. 1967ರಲ್ಲಿ ಸಾಲ್ಫರ್ಡ್‌ಗೆ ಹೋದರು. ಮೊದಮೊದಲು ಪೆಟ್ಟು ತಿಂದರು. ಆಮೇಲೆ ಯೂನಿಯನ್‌ನಲ್ಲಿ ತಾವು ಮಾಡದಿದ್ದ ಕೆಲಸವನ್ನೇ ಹಿಡಿದುಕೊಂಡರು: ಗೋಲಿಗೆ ಗುರಿಯಿಟ್ಟು ಒದೆಯುವುದು. 1972–73ರ ಒಂದೇ ಋತುವಿನಲ್ಲಿ 221 ಗೋಲು. ಆ ದಾಖಲೆ ಇನ್ನೂ ಮುರಿದಿಲ್ಲ. ಸತತ 92 ಪಂದ್ಯಗಳಲ್ಲಿ ಅಂಕ ಗಳಿಸಿದ ದಾಖಲೆಯೂ ಅವರದೇ.

ಬಿಡಿ ಬಿಡಿಯಾಗಿ ತೂಗಿದರೆ ವಾಟ್ಕಿನ್ಸ್ ಕಡೆ ಅಂಕಿಸಂಖ್ಯೆ ಗಟ್ಟಿ. ಲಯನ್ಸ್‌ಗೂ ಲೀಗ್‌ನ ಗ್ರೇಟ್ ಬ್ರಿಟನ್‌ಗೂ ನಾಯಕರಾಗಿದ್ದು ಡೇವಿಸ್‌ಗೂ ದಕ್ಕದ ಮಾತು. ಆದರೆ ಅವರಿಗೆ ಮರಳಿ ಬಂದು ಆಡುವ ಬಾಗಿಲು ತೆರೆಯಲಿಲ್ಲ. ಇನ್ನೊಂದು, ನೋಡಲು ಸಿಗುವ ದೃಶ್ಯಗಳೂ ಕಡಿಮೆ. ಓದಿ ತಿಳಿಯುವವರಿಗೆ ವಾಟ್ಕಿನ್ಸ್, ನೋಡಿ ತಿಳಿಯುವವರಿಗೆ ಡೇವಿಸ್ ಎಂದು ನಾನು ಹಂಚಿದ್ದೇನೆ.

ಬಿಲ್ಲಿ ಬಾಸ್ಟನ್: ಆಯ್ಕೆಯೇ ಇರದಿದ್ದವರು

ಬಾಸ್ಟನ್ ಅವರನ್ನು ಈ ಪಟ್ಟಿಯಲ್ಲಿ ಸೇರಿಸಬಾರದು ಎಂದು ವಾದಿಸಬಹುದು, ಯೂನಿಯನ್‌ನಲ್ಲಿ ಅವರಿಗೆ ವೇಲ್ಸ್ ಕ್ಯಾಪ್ ಒಂದೂ ಇಲ್ಲ. ನಾನು ಸೇರಿಸುವುದು ಅದಕ್ಕೇ. 1934ರಲ್ಲಿ ಕಾರ್ಡಿಫ್‌ನ ಬಂದರು ಕೇರಿ ಟೈಗರ್ ಬೇಯಲ್ಲಿ ಹುಟ್ಟಿದ ಕಪ್ಪು ಹುಡುಗ. ಕಾರ್ಡಿಫ್ ಕ್ಲಬ್ಬಿಗೆ ಆಡುವುದು ಅವರ ಆಸೆ, ಕರೆ ಬರಲೇ ಇಲ್ಲ. 1953ರಲ್ಲಿ ವಿಗನ್‌ನವರು ಮನೆಗೇ ಬಂದರು. ಮಗನನ್ನು ಕಳಿಸಲು ಮನಸ್ಸಿಲ್ಲದ ತಾಯಿ, ಮೂರು ಸಾವಿರ ಪೌಂಡ್ ಕೇಳಿದರೆ ಎದ್ದು ಹೋಗುತ್ತಾರೆ ಎಂದುಕೊಂಡು ಅಷ್ಟು ಕೇಳಿದರು. ಅವರು ಕೊಟ್ಟುಬಿಟ್ಟರು.

ಮರುವರ್ಷವೇ ಗ್ರೇಟ್ ಬ್ರಿಟನ್ ಜತೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸ. ವಿಗನ್‌ಗೆ ಬೆರಳೆಣಿಕೆಯ ಪಂದ್ಯ ಆಡಿದ್ದ ಹುಡುಗ ಆ ಪ್ರವಾಸದಲ್ಲಿ 36 ಟ್ರೈ ಗಳಿಸಿದ. ವಿಗನ್‌ಗೆ ಒಟ್ಟು 478 ಟ್ರೈ. 1957ರಲ್ಲಿ ಗ್ರೇಟ್ ಬ್ರಿಟನ್ ತಂಡ ಪ್ರದರ್ಶನ ಪಂದ್ಯಗಳಿಗೆ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅಲ್ಲಿನ ವರ್ಣಭೇದದಿಂದಾಗಿ ಅವರು ಹೋಗಲಿಲ್ಲ, ನೇರ ಮನೆಗೆ ಬಂದರು. 2023ರಲ್ಲಿ ಕಾರ್ಡಿಫ್ ಬೇಯಲ್ಲಿ ಗಸ್ ರಿಸ್ಮನ್, ಕ್ಲೈವ್ ಸಲಿವನ್ ಜತೆ ಅವರ ಪ್ರತಿಮೆ ನಿಂತಿತು. ಮೂವರೂ ಕಾರ್ಡಿಫ್‌ನ ಮಕ್ಕಳು, ಮೂವರೂ ಉತ್ತರಕ್ಕೆ ಹೋಗಿ ದೊಡ್ಡವರಾದವರು. 2025ರಲ್ಲಿ ಬಾಸ್ಟನ್‌ಗೆ ನೈಟ್ ಪದವಿ ಬಂತು. ರಗ್ಬಿ ಲೀಗ್ ಆಟಗಾರನಿಗೆ ಅದು ಬಂದದ್ದು ಅದೇ ಮೊದಲು. ಆಗ ಅವರಿಗೆ ತೊಂಬತ್ತು.

ನಿಮಗೆ ಆಟಕ್ಕಿಂತ ಆಟದ ಸುತ್ತಲಿನ ಸಮಾಜ ಮುಖ್ಯವಾದರೆ ಡೇವಿಸ್‌ರನ್ನು ಬಿಟ್ಟು ಇವರನ್ನೇ ಹಿಡಿಯಿರಿ. ನಾನು ಒಂದು ಮಾತೂ ಆಡುವುದಿಲ್ಲ.

ಗಿಬ್ಸ್, ಹ್ಯಾರಿಸ್, ಮತ್ತೆ ಪಾಪದ ಹೋಮ್ಸ್

ಸ್ಕಾಟ್ ಗಿಬ್ಸ್ 1994ರಲ್ಲಿ ಸ್ವಾನ್ಸಿಯಿಂದ ಸೇಂಟ್ ಹೆಲೆನ್ಸ್‌ಗೆ ಹೋಗಿ 1996ರಲ್ಲಿ ವಾಪಸ್. ಎರಡೇ ವರ್ಷ. ಆದರೆ ಹೋದ ಗಿಬ್ಸ್ ಬೇರೆ, ಬಂದ ಗಿಬ್ಸ್ ಬೇರೆ. 1997ರ ಲಯನ್ಸ್ ದಕ್ಷಿಣ ಆಫ್ರಿಕಾದಲ್ಲಿ ಸರಣಿ ಗೆದ್ದಾಗ ಸರಣಿಯ ಆಟಗಾರ ಇವರೇ. ಚೆಂಡು ಹಿಡಿದು ನುಗ್ಗಿ, ಗೂಳಿಯಂತಹ ಓಸ್ ಡು ರಾಂಟ್ ಅವರನ್ನು ಬೀಳಿಸಿದ ದೃಶ್ಯ ಈಗಲೂ ಓಡಾಡುತ್ತಿರುತ್ತದೆ. ಆ ಲಯನ್ಸ್ ತಂಡದಲ್ಲಿ ಲೀಗ್ ಕಂಡು ಬಂದವರು ಆರು ಜನ ಇದ್ದರು. ಬಹಿಷ್ಕಾರ ಮುಗಿದು ಎರಡೇ ವರ್ಷಕ್ಕೆ! ಸಮಯ ಕಡಿಮೆ ಇದ್ದವರಿಗೆ, ಲೀಗ್ ಒಬ್ಬ ಯೂನಿಯನ್ ಆಟಗಾರನ ಮೈಗೆ ಏನು ಕೊಡುತ್ತದೆ ಎನ್ನುವುದನ್ನು ಒಂದು ಸಂಜೆಯಲ್ಲಿ ತಿಳಿಯಬೇಕಿದ್ದರೆ ಗಿಬ್ಸ್ ಸಾಕು.

ಯೆಸ್ಟಿನ್ ಹ್ಯಾರಿಸ್ ಉಲ್ಟಾ ದಾರಿಯವರು. ಹುಟ್ಟಿದ್ದು ಇಂಗ್ಲೆಂಡಿನ ಓಲ್ಡಮ್‌ನಲ್ಲಿ, ಬೆಳೆದದ್ದು ಲೀಗ್‌ನಲ್ಲಿ, 1998ರ ಮ್ಯಾನ್ ಆಫ್ ಸ್ಟೀಲ್. 2001ರಲ್ಲಿ ಭಾರಿ ಮೊತ್ತಕ್ಕೆ ಕಾರ್ಡಿಫ್ ಯೂನಿಯನ್ ಕ್ಲಬ್ಬಿಗೆ ಬಂದರು. ಬಂದು ಕೆಲವೇ ಪಂದ್ಯಗಳಾಗಿದ್ದವು, ವೇಲ್ಸ್‌ನವರು ಅವರ ಹೆಗಲಿಗೆ 10ನೇ ನಂಬರು ಹಾಕಿ ಅರ್ಜೆಂಟೀನಾ ಎದುರು ಬಿಟ್ಟರು. ವೇಲ್ಸ್ 16–30ರಿಂದ ಸೋತಿತು. ಅಲ್ಲಿ ತಪ್ಪು ಹ್ಯಾರಿಸ್‌ರದ್ದಲ್ಲ, ಈಜು ಕಲಿಯುವ ಮುಂಚೆ ಹೊಳೆಗೆ ತಳ್ಳಿದವರದ್ದು. ಆಮೇಲೆ ಸೆಂಟರ್ ಜಾಗದಲ್ಲಿ ಅವರು ಚೆನ್ನಾಗಿಯೇ ಆಡಿದರು, 25 ಕ್ಯಾಪ್ ಗಳಿಸಿದರು. 2004ರಲ್ಲಿ ಬ್ರಾಡ್‌ಫರ್ಡ್‌ಗೆ, ಲೀಗ್‌ಗೇ ಮರಳಿದರು. ಲೀಗ್‌ನಲ್ಲಿ ಆಟ ನಡೆಸುವ ಸ್ಟ್ಯಾಂಡ್ ಆಫ್ ಮತ್ತು ಯೂನಿಯನ್‌ನ ಫ್ಲೈ ಹಾಫ್ ಒಂದೇ ಕೆಲಸ ಎಂದು ಇನ್ನೂ ನಂಬಿರುವವರು ಇವರ ಕಾರ್ಡಿಫ್ ವರ್ಷಗಳನ್ನು ನೋಡಬೇಕು.

ಟೆರಿ ಹೋಮ್ಸ್ ಹೆಸರು ಹೇಳದೆ ಹೋದರೆ ಚಿತ್ರ ಸುಳ್ಳಾಗುತ್ತದೆ. ವೇಲ್ಸ್ ನಾಯಕರಾಗಿದ್ದವರು, 1985ರಲ್ಲಿ ಬ್ರಾಡ್‌ಫರ್ಡ್ ನಾರ್ದರ್ನ್‌ಗೆ ಹೋದರು, ಮೊದಲ ಪಂದ್ಯದಲ್ಲೇ ಭುಜ ಕಳಚಿತು. ಆಮೇಲೂ ಗಾಯ ಬಿಡಲಿಲ್ಲ. ಊರೂ ಹೋಯಿತು, ಆಟವೂ ಕೈಗೆ ಹತ್ತಲಿಲ್ಲ. ಡೇವಿಸ್ ವಿಡ್ನಿಸ್‌ಗೆ ಸಹಿ ಹಾಕಿದ ದಿನ ಅವರ ಕಣ್ಣೆದುರು ಈ ಉದಾಹರಣೆಯೂ ಇತ್ತು.

ಹಾಗಾದರೆ ನೋಡುವ ಕ್ರಮ

ನೀವು ಈಗಾಗಲೇ ಆರು ರಾಷ್ಟ್ರಗಳ ಟೂರ್ನಿ ನೋಡುವವರಾದರೆ ಗಿಬ್ಸ್‌ರಿಂದ ಶುರುಮಾಡಿ ಹಿಂದಕ್ಕೆ ಹೋಗಿ, ದಾರಿ ಸಲೀಸು. ಆಸ್ಟ್ರೇಲಿಯಾದಲ್ಲಿ ಮಕ್ಕಳು ಮೊಮ್ಮಕ್ಕಳಿದ್ದು ಅಲ್ಲಿ ಹೋದಾಗ ಟಿ.ವಿ.ಯಲ್ಲಿ ಲೀಗ್ ಕಂಡವರಿಗೆ ಹ್ಯಾರಿಸ್ ಹತ್ತಿರವಾಗುತ್ತಾರೆ. ಎರಡೂ ಗೊತ್ತಿಲ್ಲದವರಿಗೆ ಡೇವಿಸ್. ಅವರದು ಮೂರೇ ಪಂದ್ಯ ಸಾಕು, ಇದೇ ಕ್ರಮದಲ್ಲಿ: 1988ರ ಸ್ಕಾಟ್ಲೆಂಡ್, 1994ರ ವೆಂಬ್ಲಿ, 1997ರ ಮಾರ್ಚ್ 15.

ಮೂರನೆಯದು ಆರ್ಮ್ಸ್ ಪಾರ್ಕ್‌ನಲ್ಲಿ ಇಂಗ್ಲೆಂಡ್ ಎದುರು ನಡೆದದ್ದು, ಅಂಗಳ ಕೆಡವುವ ಮುಂಚಿನ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಹನ್ನೆರಡು ವರ್ಷದ ಹಿಂದೆ ಅದೇ ಹುಲ್ಲಿನ ಮೇಲೆ, ಅದೇ ಇಂಗ್ಲೆಂಡ್ ಎದುರು ಶುರುಮಾಡಿದ ಡೇವಿಸ್ ಮತ್ತೆ 10ನೇ ನಂಬರಿನಲ್ಲಿ ನಿಂತಿದ್ದಾರೆ, ವಯಸ್ಸು ಮೂವತ್ತನಾಲ್ಕು. ವೇಲ್ಸ್ 13–34ರಿಂದ ಸೋಲುತ್ತದೆ. ಸ್ಕೋರು ನೋಡಬೇಡಿ. ಚೆಂಡು ಕೈಗೆ ಬಂದಾಗಲೆಲ್ಲ ಅವರು ನಿಂತಲ್ಲೇ ಒದೆಯುತ್ತಾರೋ, ಇಲ್ಲ ವಿಡ್ನಿಸ್‌ನಲ್ಲಿ ಕಲಿತಂತೆ ಮೊದಲು ಎದುರಿಗಿರುವವನ ಹೆಗಲಿನತ್ತ ಎರಡು ಹೆಜ್ಜೆ ಹಾಕುತ್ತಾರೋ, ಅದನ್ನು ಎಣಿಸುತ್ತಾ ಕೂರಿ.